ಬಿರುಗಾಳಿ ಅಡಗಿದ ಮೇಲೆ

ಶರದೃತುವೆಂದೊಡನೆ ಕನ್ನಡ ನಾಡಿನಲ್ಲಿ ಬೆಳೆದವರ ಮನಸ್ಸಿಗೆ ಬರುವುದು ತಿಳಿಯಾದ ಆಕಾಶ, ನವರಾತ್ರಿಯ ಬೊಂಬೆ, ದೀಪಾವಳಿ. ನಮ್ಮೂರಿನ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತದ್ದು. ಚೆನ್ನೈಯಲ್ಲಿ ನೆಲೆಸಿದ ನಾವು ಈ ಲೆಕ್ಕವನ್ನು ತಿರುವಿ ಹಾಕಿಕೊಳ್ಳಬೇಕಾಗಿದೆ. ಇಲ್ಲಿ ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಭಾಗವು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದಿಂದ ಬೀಳುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಚಂಡಮಾರುತಗಳಾಗಿ ಬಲಿಯುವುದೂ ಈ ತಿಂಗಳುಗಳಲ್ಲೇ ಹೆಚ್ಚು.

ಬಿರುಗಾಳಿಯು ಎಲ್ಲಿ ದಡ ಸೇರುವುದೆಂಬುದೊಂದನ್ನೇ ನೋಡಿ ನಿಶ್ಚಿಂತರಾಗುವಂತಿಲ್ಲ. 2016ರ ಡಿಸೆಂಬರ್ 12ರಂದು 'ವರ್ಧಾ' ನಗರದ ಬಳಿಯೇ ದಡ ದಾಟಿ ಸಾವಿರಾರು ಮರಗಳನ್ನು ಉರುಳಿಸಿತು. 2023ರ 'ಮಿಚಾಂಗ್' ದಡ ಸೇರಿದ್ದು ಡಿಸೆಂಬರ್ 5ರಂದು, ದೂರದ ಆಂಧ್ರದ ಬಾಪಟ್ಲದ ಬಳಿ. ಚೆನ್ನೈ ಅದರ ಹಿಂದಿನ ದಿನವೇ ಮುಳುಗಿತ್ತು. 2015ರ ಡಿಸೆಂಬರ್ ಆರಂಭದಲ್ಲಂತೂ ಚಂಡಮಾರುತವೆಂಬ ಹೆಸರೇ ಇಲ್ಲದೆ ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್ ಮಳೆ ಸುರಿದು, ಅಡ್ಯಾರ್ ನದಿ ಮನೆಗಳನ್ನು ಹೊಕ್ಕಿತು.

ಗಾಳಿಯ ವೇಗವನ್ನು ಕುರಿತು ನಾವು ವಾರಗಟ್ಟಲೆ ಮಾತನಾಡುತ್ತೇವೆ. ಮನೆಯ ಸಂಪಿನ ಬಗೆಗೆ ಯಾರೂ ಕೇಳುವುದಿಲ್ಲ. ನಾನು ವೈದ್ಯನಲ್ಲ, ವಾಣಿಜ್ಯ ಓದಿದವನು. ಆದರೂ ನಷ್ಟವು ಯಾವ ಬಾಗಿಲಿನಿಂದ ಬರುವುದೆಂದು ನೋಡುವುದು ನನ್ನ ವೃತ್ತಿಯ ಅಭ್ಯಾಸ. ಬೀದಿಯ ನೀರು ಒಮ್ಮೆ ಸಂಪಿನ ಮುಚ್ಚಳವನ್ನು ಮೀರಿತೆಂದರೆ ಚರಂಡಿಯೂ ಅದರೊಡನೆ ಒಳಗೆ ಬಂದಿತೆಂದೇ ತಿಳಿಯಬೇಕು. ನೀರು ತಿಳಿಯಾಗಿ ಕಂಡರೂ ಅದನ್ನು ಮೇಲಿನ ತೊಟ್ಟಿಗೆ ಏರಿಸಕೂಡದು. ಸಂಪನ್ನು ಪೂರ್ತಿ ಬರಿದುಮಾಡಿ, ಗೋಡೆಗಳನ್ನು ಉಜ್ಜಿ ತೊಳೆಸಿ, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂನಂತೆ ಉತ್ತಮ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಬೆರೆಸಿ, ಒಂದು ಗಂಟೆ ಬಿಡಬೇಕು. ತೆರೆದಿಟ್ಟ ಹಳೆಯ ಪುಡಿ ಕಸುವು ಕಳೆದುಕೊಂಡಿರುತ್ತದೆ. ಇಷ್ಟಾದರೂ ಕುಡಿಯುವ ನೀರನ್ನು ಕೊತಕೊತನೆ ಕುದಿಸಿಯೇ ಕುಡಿಯುವುದು ಕ್ಷೇಮ.

ವಿದ್ಯುತ್ತು ನಿಂತಾಗ ಪಂಪೂ ಲಿಫ್ಟೂ ನಿಲ್ಲುತ್ತವೆ. ಮೇಲಂತಸ್ತಿನ ವೃದ್ಧರಿಗೆ ಕೊಡ ನೀರೂ ದುರ್ಲಭ. ಇನ್ಸುಲಿನ್ ತೆಗೆದುಕೊಳ್ಳುವವರಿರುವ ಮನೆಯಲ್ಲಿ, ಔಷಧಿಗೆ ನೀರು ಸೋಕದಂತೆ ಕಟ್ಟಿ ತಂಪಾದ ಮಣ್ಣಿನ ಮಡಕೆಯಲ್ಲಿರಿಸಬಹುದು. ಹಣದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 'ವರ್ಧಾ' ಬಂದದ್ದು 500, 1000 ರೂಪಾಯಿಗಳ ನೋಟು ರದ್ದಾದ ಒಂದು ತಿಂಗಳ ಮೇಲೆ. ಕೈಯಲ್ಲಿ ನೋಟಿಲ್ಲ, ಕಾರ್ಡಿನ ಯಂತ್ರಕ್ಕೆ ವಿದ್ಯುತ್ತಿಲ್ಲ. ಮೊಬೈಲಿನಲ್ಲೇ ಹಾಲಿನ ಹಣ ಕೊಡುವ ಈ ದಿನಗಳಲ್ಲೂ ಅಕ್ಟೋಬರ್ ಬರುತ್ತಲೇ ಒಂದು ವಾರದ ಹಾಲು, ಔಷಧಿಗಳಿಗಾಗುವಷ್ಟು ಚಿಲ್ಲರೆ ನೋಟುಗಳನ್ನು ಮನೆಯಲ್ಲಿಡುವುದು ಹಳೆಯ ಕಾಲದವರ ಅಂಜಿಕೆಯೇನಲ್ಲ. ಮನೆಪತ್ರ, ವಿಮಾಪತ್ರಗಳು ಕೆಳಗಿನ ಕಪಾಟಿನಲ್ಲಿ ಬೇಡ.

ನೀರಿಳಿದ ಮೇಲೆ ಇಲಿಜ್ವರದ ಸರದಿ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದ ಮೂಲಕವೂ ರೋಗವನ್ನು ದೇಹಕ್ಕೆ ಸೇರಿಸುತ್ತದೆ. ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೆರಡು ವಾರಗಳ ಅನಂತರ. ಅಷ್ಟರಲ್ಲಿ ಮನೆ ಒಣಗಿರುತ್ತದೆ, ಕಚೇರಿ ಆರಂಭವಾಗಿರುತ್ತದೆ, ಮಳೆ ಮರೆತೇಹೋಗಿರುತ್ತದೆ. ತಲೆನೋವು, ಮೀನಖಂಡಗಳ ತೀವ್ರ ನೋವಿನೊಡನೆ ಜ್ವರ ಬಂದರೆ, ಔಷಧಿಯಂಗಡಿಯ ಮಾತ್ರೆಯನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ನೆರೆಯ ನೀರಿನಲ್ಲಿ ನಡೆದದ್ದನ್ನು ಅವರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.