ಎಲ್ಲರೂ ಬಂದು ನೋಡುವಂಥ ಹೊಲ

ಕೆಲವು ವರ್ಷಗಳ ಹಿಂದೆ ನಾವು ನಡೆಸಿದ ರಾಗಿ ಕ್ಷೇತ್ರೋತ್ಸವಕ್ಕೆ, ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡ ರೈತರೊಬ್ಬರು ಊರುಗೋಲಿನ ಆಸರೆಯಲ್ಲಿ ಬಂದಿದ್ದರು. ತಾಕಿನ ದಾರಿಯಲ್ಲಿ ಒಂದು ನೀರುಗಾಲುವೆ, ಅದರ ಮೇಲೆ ಒಂದೇ ಹಲಗೆ. ನಾವೆಲ್ಲ ದಾಟಿದೆವು, ಅವರು ಆಚೆಯೇ ಉಳಿದರು. ತಳಿಗಳನ್ನು ವಿವರಿಸಿದವನು ನಾನೇ. ಊಟದ ಹೊತ್ತಿಗೆ ನೋಡಿದರೆ ಅವರು ಹೊರಟುಹೋಗಿದ್ದರು.

2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಯವರೇ. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಇವರ ಜೊತೆಗೆ ವಯಸ್ಸಾದವರು, ಗರ್ಭಿಣಿಯರು, ಎಳೆಯ ಮಕ್ಕಳೂ ಇದ್ದಾರೆ. ಈಗ ಅನೇಕ ರೈತರು ತಮ್ಮ ತೋಟಕ್ಕೆ ಪ್ರವಾಸಿಗರನ್ನೂ ಶಾಲಾ ಮಕ್ಕಳನ್ನೂ ಬರಮಾಡಿಕೊಳ್ಳುತ್ತಿದ್ದಾರೆ. ಅಂಥವರು ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ದಾರಿ: ಅಗಲ ಕನಿಷ್ಠ 120 ಸೆಂ.ಮೀ. ಇರಲಿ, ಗಾಲಿಕುರ್ಚಿ ತಿರುಗುವ ಕಡೆ 150 ಸೆಂ.ಮೀ. ಬೇಕು. ಗರಸು ಹರಡಿ, ನೀರು ಚಿಮುಕಿಸಿ, ಗಟ್ಟಿಯಾಗಿ ಬಡಿಯಿರಿ. ಮರಳು ಅಥವಾ ದಪ್ಪ ಜಲ್ಲಿ ಹಾಕಬೇಡಿ, ಗಾಲಿ ಹೂತುಕೊಳ್ಳುತ್ತದೆ. ಅಲ್ಲಲ್ಲಿ ಮರದ ನೆರಳಿನಲ್ಲಿ ಕಲ್ಲುಬೆಂಚು ಇಡಿ.

2. ಇಳಿಜಾರು: ಮೆಟ್ಟಿಲಿರುವಲ್ಲಿ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಕಟ್ಟಿ. ಕಾಲುವೆಗೆ ಸಿಮೆಂಟು ಕೊಳವೆ ಕೂರಿಸಿ ಮೇಲೆ ಮಣ್ಣು ಮುಚ್ಚಿ.

3. ಮಡಿ: ಕುಳಿತಲ್ಲಿಂದಲೇ ಕೈಗೆಟಕುವಂತೆ ಸುಮಾರು 60 ಸೆಂ.ಮೀ. ಎತ್ತರದ ಕಟ್ಟೆಮಡಿ ಮಾಡಿ. ಒಂದೇ ಬದಿಯಿಂದ ಮುಟ್ಟುವುದಾದರೆ ಅಗಲ 60 ಸೆಂ.ಮೀ. ಮೀರಬಾರದು. ಕಣ್ಣು ಕಾಣದವರಿಗಾಗಿ ದವನ, ಮರುಗ, ಪುದೀನ, ನಿಂಬೆಹುಲ್ಲು ಬೆಳೆಸಿ. ರಾಗಿ, ಸಜ್ಜೆ, ಜೋಳದ ತೆನೆಗಳನ್ನು ಅವರ ಕೈಗೇ ಕೊಡಿ.

4. ಶೌಚಾಲಯ: ಬಾಗಿಲು 90 ಸೆಂ.ಮೀ. ಅಗಲವಿದ್ದು ಹೊರಕ್ಕೆ ತೆರೆಯಲಿ. ಗೋಡೆಗೆ ಹಿಡಿಕೆ ಇರಲಿ.

5. ಸುರಕ್ಷತೆ: ಬಾವಿ, ಕೃಷಿಹೊಂಡಗಳಿಗೆ ಬೇಲಿ ಹಾಕಿ. ಔಷಧಿ ಸಿಂಪಡಿಸಿದ ಹೊಲಕ್ಕೆ, ಡಬ್ಬಿಯ ಮೇಲೆ ಸೂಚಿಸಿದ ಅವಧಿ ಮುಗಿಯುವವರೆಗೆ ಯಾರನ್ನೂ ಬಿಡಬೇಡಿ.

ಕೆಲಸ ಮುಗಿದ ಮೇಲೆ ನಿಮ್ಮೂರಿನ ವಿಕಲಚೇತನರೊಬ್ಬರನ್ನು ಮೊದಲು ಕರೆದು ತೋರಿಸಿ. ತೊಡಕು ಎಲ್ಲಿದೆಯೆಂದು ಅಳತೆಪಟ್ಟಿಗಿಂತ ಅವರೇ ಸರಿಯಾಗಿ ಹೇಳಬಲ್ಲರು.

ಮರುವರ್ಷ ನಾವು ಆ ಕಾಲುವೆಗೆ ಕೊಳವೆ ಹಾಕಿಸಿ, ಆ ರೈತರಿಗೆ ಪತ್ರ ಬರೆದೆವು. ಅವರು ಬಂದರು. ತೆನೆಯನ್ನು ನೋಡಿ ಸುಮ್ಮನಾಗಲಿಲ್ಲ, ಬಗ್ಗಿ ದಂಟನ್ನು ಮುರಿದು, "ಇದರ ಹುಲ್ಲನ್ನು ದನ ತಿನ್ನುತ್ತವೆಯೇ, ಸ್ವಾಮಿ?" ಎಂದು ಕೇಳಿದರು. ನಾವು ಇಳುವರಿಯನ್ನಷ್ಟೇ ತೂಗಿದ್ದೆವು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷದಿಂದ ಹುಲ್ಲನ್ನೂ ತೂಗಿ, ದನಗಳಿಗೆ ಹಾಕಿ ನೋಡುತ್ತಿದ್ದೇವೆ.