ದೇವರು ಭಿಕ್ಷೆ ಯಾಕ ಬೇಡ್ತಾನ?

ಪ್ರಶ್ನೆ: ಮಗನಿಗೆ ಎಂಟು ವರ್ಷ. ಗಾಣಗಾಪುರಕ್ಕೆ ಹೋಗುವ ಮುಂಚೆ ದತ್ತಾತ್ರೇಯನ ಫೋಟೋ ತೋರಿಸಿ ಕಥೆ ಹೇಳುತ್ತಿದ್ದೆ. "ದೇವರು ಭಿಕ್ಷೆ ಯಾಕ ಬೇಡ್ತಾನ, ಬಡವನಾ?" ಎಂದು ಕೇಳಿದ. ಅಜ್ಜ ಸಿಟ್ಟಿಗೆದ್ದು ಗಲ್ಲ ಬಡಿದುಕೊಳ್ಳಲು ಹಚ್ಚಿದರು. ಅಂದಿನಿಂದ ಹುಡುಗ ದೇವರ ಮನೆಗೇ ಬರುತ್ತಿಲ್ಲ. ಇದಕ್ಕೆ ಪ್ರಾಯಶ್ಚಿತ್ತವೇನು? ಮುಂಜಿ ಆಗದವನನ್ನು ಕ್ಷೇತ್ರಕ್ಕೆ ಕರೆದೊಯ್ಯಬಹುದೆ?
– ಒಬ್ಬ ತಾಯಿ, ಸ್ಟೇಶನ್ ಬಜಾರ, ಕಲಬುರಗಿ

ಉತ್ತರ: ತಾಯಿ, ಹುಡುಗನಿಂದ ಏನೂ ದೋಷ ಆಗಿಲ್ಲ. ಪ್ರಾಯಶ್ಚಿತ್ತದ ಮಾತು ಬಿಡ್ರಿ. ಅಜ್ಜನವರ ಭಕ್ತಿ ದೊಡ್ಡದು, ಆದರೆ ಆ ಪ್ರಶ್ನೆಗೆ ಉತ್ತರ ದತ್ತಸ್ವಾಮಿಯ ಹತ್ತಿರವೇ ಅದ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಒಬ್ಬ ಅವಧೂತ ಯದುರಾಜನಿಗೆ ತನ್ನ 24 ಗುರುಗಳನ್ನು ಹೇಳುತ್ತಾನೆ. ಆ ಅವಧೂತನೇ ದತ್ತನೆಂದು ಹಿರಿಯರ ನಂಬಿಕೆ. ಭೂಮಿ, ನೀರು, ಪಾರಿವಾಳ, ಹೆಬ್ಬಾವು ಎಲ್ಲ ಅದರೊಳಗ ಬರುತ್ತವೆ. ದುಂಬಿಯೂ ಒಬ್ಬ ಗುರು. ದುಂಬಿ ಒಂದೊಂದು ಹೂವಿನಿಂದ ಚೂರು ಚೂರೇ ತಗೋತದ, ಯಾವ ಹೂವನ್ನೂ ಬಾಡಿಸುವುದಿಲ್ಲ. ಯತಿಯೂ ಹಾಗೆ ಮನೆಗೊಂದು ತುತ್ತು ಬೇಡಬೇಕು. ಗಾಣಗಾಪುರದ ಭಿಕ್ಷೆಗೆ ಮಧುಕರಿ ಅನ್ನುವ ಹೆಸರು ಬಂದದ್ದು ಇದರಿಂದಲೇ. ಮಧ್ಯಾಹ್ನದ ಹೊತ್ತು ಸ್ವಾಮಿ ಯಾವುದಾದರೊಂದು ರೂಪದಲ್ಲಿ ಅಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಸಾಹುಕಾರರೂ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ನಾವೂ ಪಾಠಶಾಲೆಯಲ್ಲಿ ವಾರಾನ್ನ ಉಂಡು ಕಲಿತವರು. ಇನ್ನೊಬ್ಬರ ಬಾಗಿಲಲ್ಲಿ ನಿಂತಾಗ ಸೊಕ್ಕು ಹೆಂಗ ಇಳೀತದ ಅಂತ ನಮಗ ಗೊತ್ತದ.

ಇನ್ನೊಂದು ಮಾತು ಅಜ್ಜನವರಿಗೆ ಓದಿ ಹೇಳ್ರಿ. ಆ 24 ಗುರುಗಳಲ್ಲಿ ಸಣ್ಣ ಕೂಸೂ ಒಬ್ಬ.

ಮೂರು ತಲೆ, ಆರು ಕೈ ಅಂದರೆ ಮಕ್ಕಳಿಗೆ ಒಗಟು ಇದ್ದಂಗ. ಬಿಡಿಸಾಕ ಅವನಿಗೇ ಹಚ್ಚಿರಿ. ಕಮಂಡಲು, ಜಪಮಾಲೆ ಯಾರದು? ಬ್ರಹ್ಮನದು. ಶಂಖ, ಚಕ್ರ? ವಿಷ್ಣುವಿನದು. ತ್ರಿಶೂಲ, ಡಮರು? ಶಿವನದು. ಕಾಲ ಹತ್ತಿರದ ನಾಲ್ಕು ನಾಯಿ ನಾಲ್ಕು ವೇದ. ಇಷ್ಟು ತಾನೇ ಗುರುತಿಸಿದ ಹುಡುಗ ಮುಂದೆ ಯಾವ ಗುಡಿಗೆ ಹೋದರೂ ಮೂರ್ತಿಯ ಕೈ ನೋಡಿ ದೇವರ ಹೆಸರು ಹೇಳುತ್ತಾನೆ. ಮೊಬೈಲಿನ ಕಾರ್ಟೂನು ಹನುಮ, ಗಣಪನನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಹೇಳುವವರಿಲ್ಲ.

ಮುಂಜಿ ಆಗದಿದ್ದರೂ ಧಾರಾಳವಾಗಿ ಕರೆದೊಯ್ಯಿರಿ. ದರ್ಶನಕ್ಕೆ ಮುಂಜಿಯ ಕಟ್ಟಿಲ್ಲ. ಮಗುವಿಗೆ ಉಪವಾಸ ಹಾಕಬೇಡಿ, ಬಾಲರಿಗೆ, ಮುದುಕರಿಗೆ, ರೋಗಿಗಳಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಭೀಮಾ-ಅಮರಜಾ ಸಂಗಮದಲ್ಲಿ ಮಳೆಗಾಲದಲ್ಲಿ ಇಳಿಸಲೇಬೇಡಿ, ತಲೆಗೆ ನೀರು ಪ್ರೋಕ್ಷಿಸಿದರೆ ಸಾಕು. ಗುರುವಾರ, ಹುಣ್ಣಿಮೆ ಬಿಟ್ಟು ಹೋಗಿರಿ. ಆ ಗದ್ದಲದಲ್ಲಿ ನಿರ್ಗುಣ ಪಾದುಕೆ ಕಾಣುವ ಸಣ್ಣ ಕಿಂಡಿ ಮಗುವಿಗೆ ಎಟಕುವುದಿಲ್ಲ, ಎತ್ತಿ ಹಿಡಿಯಬೇಕಾಗುತ್ತದೆ. ನಿಮ್ಮ ಮನೆ ಸ್ಟೇಶನ್ ಬಜಾರದಲ್ಲೇ ಇದೆ. ರೈಲಿನಲ್ಲಿ ಗಾಣಗಾಪುರ ರೋಡ್‌ಗೆ ಹೋಗಿ ಮುಂದೆ ಬಸ್ಸು ಹಿಡಿದರೆ ಹುಡುಗನಿಗೂ ಖುಷಿ.

ಇನ್ನೊಮ್ಮೆ ಸನ್ನತಿಯ ಚಂದ್ರಲಾಂಬೆಯ ದರ್ಶನ ಮಾಡಿಸಿರಿ. ಅಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಶಾಲೆಯ ಪುಸ್ತಕದ ಅಶೋಕ ನಮ್ಮ ದೇವಿಯ ಪಾದದ ಕೆಳಗೇ ಇದ್ದ ಅಂತ ಹೇಳ್ರಿ, ಹುಡುಗ ಕಿವಿ ನಿಮಿರಿಸಿ ಕೇಳ್ತಾನ.

ಗಾಣಗಾಪುರಕ್ಕೆ ಅಜ್ಜನವರನ್ನೂ ಕರಕೊಂಡು ಹೋಗ್ರಿ. ಜೋಳಿಗೆ ಅವರು ಹಿಡಿಯಲಿ, ಮೊದಲ ಹಿಡಿ ಭಿಕ್ಷೆಯನ್ನು ಮೊಮ್ಮಗನ ಕೈಯಿಂದ ಹಾಕಿಸಿರಿ.