ಹೊಳೆಗೆ ಬೋಟು ಇಳಿಸುವ ಮೊದಲು

ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿ ಬಂದ ಮೇಲೆ ಬೈಲಹೊಂಗಲದ ನಮ್ಮ ಗೆಳೆಯರ ಗುಂಪಿಗೆ ಒಂದೇ ಹುಕಿ. ನಮ್ಮ ಮಲಪ್ರಭೆಯಲ್ಲೇ ಯಾಕಾಗಬಾರದು? ಮುನವಳ್ಳಿಯಲ್ಲಿ ಇಳಿದು, ತೊರಗಲ್ಲಿನ ಕೋಟೆ ದಾಟಿ, ರಾಮದುರ್ಗದಲ್ಲಿ ದಂಡೆ ಹತ್ತುವುದು. ನಕಾಶೆಯಲ್ಲಿ ನೀಲಿ ಗೆರೆ ಎಲ್ಲೂ ಕಡಿದಿರಲಿಲ್ಲ.

ಬೇಸಿಗೆಯಲ್ಲೇ ನೋಡಲು ಹೋದೆವು. ಹೊಳೆ ಬತ್ತಿದಾಗ ಪಾತ್ರದೊಳಗೆ ನಡೆದರೆ ಮಾತ್ರ ತಳದ ಗುಟ್ಟು ತಿಳಿಯುತ್ತದೆ. ಉಸುಕು ತೆಗೆದ ಗುಂಡಿ, ಪಂಪ್‌ಸೆಟ್ಟಿನ ಪೈಪು, ಆಳೆತ್ತರದ ಜಾಲಿ. ಜಾಲಿ ರಬ್ಬರ್ ಬೋಟಿಗಷ್ಟೇ ವೈರಿಯಲ್ಲ. ಟೊಂಗೆಗಳ ಸಂದಿಯಲ್ಲಿ ನೀರು ತೂರಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಬಾಂದಾರ. ಮೇಲಿಂದ ನೋಡಿದರೆ ಸಣ್ಣ ಗೋಡೆ. ತುಂಬಿ ಹರಿವಾಗ ಅದರ ಬುಡದಲ್ಲಿ ನೀರು ಹಿಂದಕ್ಕೇ ಮಗುಚುತ್ತ, ಬಿದ್ದವನನ್ನು ಗೋಡೆಯತ್ತಲೇ ಎಳೆಯುತ್ತದೆ. ಈಜು ಬಂದರೂ ಅಷ್ಟೇ.

ದನ ಕಾಯುತ್ತಿದ್ದ ಅಜ್ಜನಿಗೆ ನಮ್ಮ ಯೋಜನೆ ಹೇಳಿದೆವು. "ಗೇಟ್ ತೆಗದಾರಂದ್ರ ನಾವು ದನಾ ಹೊಡ್ಕೊಂಡು ಮ್ಯಾಲ ಬರ್ತೀವಿ. ಆಗ ನೀವು ಕೆಳಗ ಇಳೀತೀರೇನೋ ತಮ್ಮಾ?" ಎಂದ.

ಲೆಕ್ಕ ತಪ್ಪುವುದು ಇಲ್ಲೇ. ಗಣೇಶಗುಡಿಯ ಕಾಳಿ ನದಿಯಲ್ಲಿ ಸೂಪಾ ಜಲಾಶಯದ ನೀರು ಕರೆಂಟು ಕೊಟ್ಟು ಮತ್ತೆ ಹೊಳೆಗೇ ಬರುತ್ತದೆ. ಆ ವೇಳೆ ನೋಡಿಕೊಂಡು ಬೋಟು ಬಿಡುತ್ತಾರೆ. ಅಮೆರಿಕದ ಮರುಭೂಮಿಯ ಕೊಲೊರಾಡೊ ನದಿಯೂ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ವಿದ್ಯುತ್ತಿನ ತಾಳಕ್ಕೇ ಏರಿಳಿಯುತ್ತದೆ. ಮುನವಳ್ಳಿಯ ಮೇಲ್ಗಡೆ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ಕಥೆ ಬೇರೆ. ಸುಮಾರು 37 ಟಿಎಂಸಿ ಹಿಡಿಯುವ ಅದರ ಜಲಾಶಯ ರೇಣುಕಾಸಾಗರದ ನೀರು ಎಡದಂಡೆ, ಬಲದಂಡೆ ಕಾಲುವೆ ಹಿಡಿದು ಹೊಲಗಳಿಗೆ ಹೋಗುತ್ತದೆ, ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಹೋಗುತ್ತದೆ. ಹೊಳೆಗೆ ಜೋರಾಗಿ ಬರುವುದು ಜಲಾಶಯ ತುಂಬಿದ ಮೇಲೆ ಮಿಕ್ಕದ್ದು. ಮಿಕ್ಕದ್ದೆಂದರೆ ಕಡಿಮೆಯಲ್ಲ; 2019ರ ಆಗಸ್ಟ್‌ನಲ್ಲಿ ಮುನವಳ್ಳಿ, ರಾಮದುರ್ಗದ ದಂಡೆಯ ಮನೆಗಳಿಗೇ ಹೊಕ್ಕಿತ್ತು. ಬರಿ ಉಸುಕು, ಇಲ್ಲವೆ ಮಹಾಪೂರ. ನಡುವಿನ ಹದ ಸಿಕ್ಕರೂ ಯಾವ ದಿನ ಸಿಗುತ್ತದೆಂದು ರಜೆ ಬರೆದುಕೊಡಲಾಗದು.

ಹೀಗಾಗಿ ಅಣೆಕಟ್ಟಿನ ಮೇಲ್ಗಡೆಯೇ ವಾಸಿ ಅನ್ನಿಸಿತು. ಹೊಳೆ ಹುಟ್ಟುವ ಕಣಕುಂಬಿಯ ಮಳೆ ಎಂ.ಕೆ. ಹುಬ್ಬಳ್ಳಿಗೆ ತಾನಾಗಿಯೇ ಹರಿದು ಬರುತ್ತದೆ. ಗಣೇಶ ಚೌತಿ ಕಳೆದು ಕೆನ್ನೀರು ತಿಳಿಯಾಗಬೇಕು, ಲೈಫ್ ಜಾಕೆಟ್ ಬೇಕೇ ಬೇಕು, ಪೊಲೀಸ್ ಠಾಣೆಗೆ ತಿಳಿಸಿರಬೇಕು. ಹೊಳೆಯೊಳಗಿನ ಗಂಗಾಂಬಿಕೆಯ ಐಕ್ಯಮಂಟಪಕ್ಕೆ ಕೈಮುಗಿದು ಕೆಳಗೆ ಸಾಗಬಹುದು. ನೊರೆ, ಧುಮುಕು ಏನೂ ಇಲ್ಲ. ಅದು ಬೇಕಾದವರು ಗಣೇಶಗುಡಿಗೇ ಹೋಗಲಿ. ಹಿನ್ನೀರು ಶುರುವಾಗುವ ಮೊದಲೇ ದಂಡೆ ಹತ್ತುವುದು ಒಳ್ಳೆಯದು: ಅಲ್ಲಿ ಸೆಳವು ಇರುವುದಿಲ್ಲ, ಸೀಗಿ ಹುಣ್ಣಿಮೆ ಹೊತ್ತಿಗೆ ಮೂಡಗಾಳಿ ಎದ್ದರೆ ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಗುತ್ತವೆ.